ಒಂದು ಸ್ವರ ಕೆಳಗೆ

ಓರ್ಹುಸ್, ಡೆನ್ಮಾರ್ಕ್
೫ ಮೇ ೧೯೭೪, ಭಾನುವಾರ

ಪ್ರೀತಿಯ ಅಪ್ಪನಿಗೆ,

ನೀನು ಕೊಟ್ಟ ಉಣ್ಣೆಯ ಮಫ್ಲರನ್ನು ಬಸ್ಸಿನಲ್ಲಿ ಮರೆತೆ, ಮತ್ತೆ ಸಿಕ್ಕಿತು. ಮೊದಲೇ ಒಪ್ಪಿಕೊಂಡರೆ ಬೈಗುಳ ಅರ್ಧಕ್ಕೆ ಇಳಿಯುತ್ತದೆ ಎಂದು ಇದನ್ನೇ ಮೊದಲು ಬರೆದಿದ್ದೇನೆ.

ಇಲ್ಲಿ ನನ್ನನ್ನೂ ಪಿರ್ಕೊಳನ್ನೂ ಒಬ್ಬ ಹಲ್ಲಿನ ಡಾಕ್ಟರ ಮನೆಯಲ್ಲಿ ಇಳಿಸಿದ್ದಾರೆ. ಪಿರ್ಕೊ ಗೊತ್ತಲ್ಲ, ಹೋದ ಕ್ರಿಸ್ಮಸ್ಸಿಗೆ ನಮ್ಮ ಮನೆಗೆ ಬಂದು, ಅಮ್ಮನ ಜೊತೆ ಪಂದ್ಯ ಕಟ್ಟಿ ಸೌನಾದ ಬಿಸಿ ಉಗಿಯಲ್ಲಿ ಕೂತು, ಸೋತು ಹಿಮದೊಳಕ್ಕೆ ಓಡಿದವಳು. ನಮ್ಮ ಗಾಯನವೃಂದದ ಹೌಟಲ ಮೇಷ್ಟ್ರಿಗೆ ಯುದ್ಧದಲ್ಲಿ ಒಂದು ಕಿವಿ ಹೋಗಿರುವುದರಿಂದ ಹಾಡಿಗೆ ಶ್ರುತಿ ಕೊಡುವ ಕೆಲಸ ಅವಳದು. ಆ ಎರಡು ಕವಲಿನ ಉಕ್ಕಿನ ಶ್ರುತಿಕವೆಯನ್ನು ಮೊಣಕೈಗೆ ಬಡಿದು, ಕಿವಿಗೆ ಹಿಡಿದು, ಸಣ್ಣಗೆ ಗುನುಗುತ್ತಾಳೆ. ನಾವು ಮೂವತ್ತೆರಡು ಜನ ಅದನ್ನು ಹಿಡಿದುಕೊಳ್ಳುತ್ತೇವೆ. ಮೇಷ್ಟ್ರು ಕೈ ಎತ್ತುತ್ತಾರೆ.

ನಿನ್ನೆ ಬಂದರಿನ ಹತ್ತಿರದ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಮ್ಮ ದೇಶದ ಮೂವರು ನಾವಿಕರ ಸಮಾಧಿಗಳಿವೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಪಿರ್ಕೊ ಎಂದಿನ ಶ್ರುತಿ ಕೊಡಲು ಹೊರಟಳು. ನಾನು ತೋಳು ಹಿಡಿದು ಎಳೆದೆ.

"ಒಂದು ಸ್ವರ ಇಳಿಸು ಕಣೆ. ಸಮಾಧಿ ಹತ್ರ ಯಾವಾಗ್ಲೂ ಒಂದು ಸ್ವರ ಕೆಳಗೆ ಕೊಡ್ಬೇಕು."

"ಯಾರು ಹೇಳಿದ್ದು?"

"ನಮ್ಮಪ್ಪ. ಪೂಮಲಾ ಚರ್ಚಿನ ಆರ್ಗನ್ ಮೇಷ್ಟ್ರಲ್ವಾ, ಅಲ್ಲಿ ಮೂವತ್ತು ವರ್ಷದಿಂದ ಹಂಗೇ ನಡೆದಿರೋದು."

"ಯಾಕಂತೆ?"

"ಅಲ್ಲಿ ಹಾಡೋರ ಗಂಟಲು ಕಟ್ಟಿರತ್ತೆ. ಇಳಿಸಿ ಕೊಟ್ರೆ ಅಳು ಇಟ್ಕೊಂಡೂ ಹಾಡಬಹುದು."

ಅವಳು ಇಳಿಸಿ ಕೊಟ್ಟಳು. ಗುರುತಿಲ್ಲದ ಆ ಮೂವರಿಗೆ ನಾವು ಯಾರೂ ಅಳಲಿಲ್ಲ, ಆದರೆ ಹಾಡು ಚೆನ್ನಾಗಿ ಕೂತಿತು. ಬಸ್ಸಿಗೆ ವಾಪಸ್ಸು ಬರುವಾಗ ಪಿರ್ಕೊ, "ನಿಮ್ಮಪ್ಪ ಬುದ್ಧಿವಂತ್ರು. ನೀನ್ಯಾಕೆ ಹಿಂಗಾದೆ?" ಎಂದಳು.

ಇನ್ನು ಹನ್ನೆರಡು ದಿನ. ಹದಿನೇಳನೆಯ ತಾರೀಕು ಶುಕ್ರವಾರ ಲೂಬೆಕ್‌ನಲ್ಲಿ ಕೊನೆಯ ಹಾಡಿನ ಕಛೇರಿ, ಮರುದಿನ ಹಡಗು. ಕೊನೆಯ ಹಾಡು ನಿನ್ನದೇ. ದ್ವೀಪದ ಮುದುಕಿಯ ಬಾಯಿಂದ ನೀನು ಬರೆದುಕೊಂಡು ಬಂದೆಯಲ್ಲ, ದೋಣಿ ದಡ ಸೇರುವ ಹಾಡು, ಅದು. ನಾನೊಬ್ಬಳೇ ಹಾಡುವ ಭಾಗದಲ್ಲಿ ಆ ಮೇಲಿನ ಸ್ವರ ಇನ್ನೂ ನನ್ನನ್ನು ಆಟವಾಡಿಸುತ್ತಿದೆ. ನಾಲ್ಕು ಊರಲ್ಲಿ ಹಾಡಿದೆ, ನಾಲ್ಕು ಸಲವೂ ಕತ್ತು ಹಿಸುಕಿದ ಹಾಗಾಯಿತು.

ನಿನ್ನ ಹೊಟ್ಟೆನೋವು ಹೇಗಿದೆ? ಅಮ್ಮ 'ಪರವಾಗಿಲ್ಲ' ಎಂದು ಬರೆದಿದ್ದಾಳೆ. ಅಮ್ಮ ಪರವಾಗಿಲ್ಲ ಎಂದರೆ ನನಗೆ ಭಯವಾಗುತ್ತದೆ. ನೀನೇ ಬರೆ.

ನಿನ್ನ
ಸಿನಿಕ್ಕ


ಪೂಮಲಾ
೯ ಮೇ ೧೯೭೪

ಮಗಳೇ ಸಿನಿಕ್ಕ,

ಹೊಟ್ಟೆನೋವು ಹೊಟ್ಟೆಯ ಪಾಡಿಗಿದೆ, ನಾನು ನನ್ನ ಪಾಡಿಗಿದ್ದೇನೆ. ಸರೋವರದ ಮಂಜುಗಡ್ಡೆ ಪೂರ್ತಿ ಕರಗಿತು. ದೋಣಿಯನ್ನು ಮಗುಚಿ ಹಾಕಿ ಡಾಂಬರು ಬಳಿಯುತ್ತಿದ್ದೇನೆ. ನಿನ್ನಮ್ಮ ಮೆಟ್ಟಿಲ ಮೇಲೆ ನಿಂತು, ಅಲ್ಲಿ ಬಿಟ್ಟಿರಿ ಇಲ್ಲಿ ಬಿಟ್ಟಿರಿ ಎನ್ನುತ್ತಿದ್ದಾಳೆ.

ಆ ಮೇಲಿನ ಸ್ವರಕ್ಕೆ ಏಣಿ ಹಾಕಿ ಹತ್ತಬೇಡ. ಅದಕ್ಕಿಂತ ಮೇಲೆ ಎಲ್ಲೋ ಇದ್ದೇನೆ ಎಂದುಕೊಂಡು ಅದರ ಮೇಲೆ ಇಳಿ. ಮೂರನೆಯ ಸಾಲಿನ ನಡುವೆ ಉಸಿರು ಕದಿಯುವ ಚಾಳಿ ನಿನಗಿದೆ, ಅದನ್ನು ಬಿಡು. 'ದಡ' ಎಂಬ ಮಾತಿಗೆ ಮುಂಚೆ ನಿಧಾನವಾಗಿ, ಎಲ್ಲರಿಗೂ ಕಾಣುವ ಹಾಗೆ ತೆಗೆದುಕೋ. ಉಸಿರು ಬೇಕಾಗುವುದು ಅವಮಾನವಲ್ಲ.

ನಿನ್ನ ಕಿವಿಯ ಬಗ್ಗೆ ನನಗೆ ಯಾವ ಯೋಚನೆಯೂ ಇಲ್ಲ. ನಾಲ್ಕು ವರ್ಷದವಳಿದ್ದಾಗ ಅಡುಗೆಮನೆಯಲ್ಲಿ ಮುಚ್ಚಳ ಬಿದ್ದರೆ ಅದು ಯಾವ ಸ್ವರ ಎಂದು ಹೇಳುತ್ತಿದ್ದೆ. ನಾನು ಪಿಯಾನೋ ಮುಟ್ಟಿ ನೋಡಿದರೆ ಅದೇ ಆಗಿರುತ್ತಿತ್ತು. ನಿನಗೆ ಯಾವತ್ತೂ ಶ್ರುತಿಕವೆ ಬೇಕಾಗಲಿಲ್ಲ.

ಒಂದು ಮಾತು. ಹಾಡಲು ನಿಂತ ಮೇಲೆ ಹಾಡು ಮುಗಿಸಬೇಕು. ಕೆಮ್ಮು ಬರಲಿ, ದೀಪ ಹೋಗಲಿ, ಮುಗಿಸಬೇಕು. ಇದನ್ನು ಬಿಟ್ಟರೆ ನಾನು ನಿನಗೆ ಹೇಳಿಕೊಡದೆ ಉಳಿದದ್ದು ಏನೂ ಇಲ್ಲ ಎನ್ನಿಸುತ್ತದೆ.

ಅಕ್ಷರ ಸೊಟ್ಟಗಿದ್ದರೆ ಡಾಂಬರಿನ ಕೈ ಎಂದು ತಿಳಿ.

ಅಪ್ಪ


ಪೂಮಲಾ
೧೧ ಮೇ ೧೯೭೪

ಮಾನ್ಯ ಹೌಟಲ ಅವರಿಗೆ,

ನಾನು ನಿಮ್ಮ ವೃಂದದ ಸಿನಿಕ್ಕ ತೈಪಲೆಯ ತಾಯಿ. ಒಂದೇ ಸಲ ಭೇಟಿಯಾಗಿದ್ದೇವೆ, ಆವತ್ತು ನೀವು ನಮ್ಮ ಮನೆಯ ಏಲಕ್ಕಿ ಬನ್ನು ಆರು ತಿಂದಿರಿ. ಲೂಬೆಕ್‌ನ ಚರ್ಚಿನ ಆಫೀಸಿಗೆ ಈ ಕಾಗದ ಕಳಿಸುತ್ತಿದ್ದೇನೆ. ದಯವಿಟ್ಟು ಯಾರೂ ಇಲ್ಲದ ಕಡೆ ಓದಿ.

ನನ್ನ ಗಂಡ ಓಯ್ವ ಮಿಕ್ಕೆಲಿಯ ಆಸ್ಪತ್ರೆಯಲ್ಲಿದ್ದಾರೆ. ಹೊಟ್ಟೆಯಲ್ಲಿ ಗೆಡ್ಡೆ. ತೆರೆದು ನೋಡಿ ಹಾಗೇ ಹೊಲಿದರು. ಡಾಕ್ಟರು ಒಂದು ವಾರ ಎಂದಿದ್ದಾರೆ, ಹತ್ತು ದಿನ ಎಂದು ನಾನು ಅಂದುಕೊಂಡಿದ್ದೇನೆ. ಮಗಳಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂಬುದು ಅವರ ಮಾತು.

"ಅವಳು ಹಾಡು ಬಿಟ್ಟು ಬಂದ್ರೆ ನಾನು ಬೇಗ ಸಾಯ್ತೀನಿ, ನೋಡ್ತಿರು" ಎಂದರು. ಸಾಯುವವರು ಹೀಗೆಲ್ಲ ಬೆದರಿಕೆ ಹಾಕಿದರೆ ನಾನು ಏನು ಮಾಡಲಿ?

ಮೊನ್ನೆ ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬು ಒರಗಿಕೊಂಡು ಅವಳಿಗೊಂದು ಕಾಗದ ಬರೆದರು. ಮೇಲ್ಗಡೆ 'ಪೂಮಲಾ' ಎಂದು ಹಾಕಿದರು, ದೋಣಿಗೆ ಡಾಂಬರು ಬಳಿಯುತ್ತಿದ್ದೇನೆ ಎಂದು ಬರೆದರು. ಆ ದೋಣಿ ಹೋದ ಶರತ್ಕಾಲದಿಂದ ಕೊಟ್ಟಿಗೆಯಿಂದ ಹೊರಗೇ ಬಂದಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು. ಅಂಚೆಯ ಠಸ್ಸೆ ನೋಡಿ ಅವಳಿಗೆ ಅನುಮಾನ ಬರಬಾರದೆಂದು ನಾನು ಬಸ್ಸು ಹಿಡಿದು ಊರಿಗೆ ಬಂದು ಇಲ್ಲಿಂದ ಹಾಕಿದೆ. ಸುಳ್ಳಿಗೆ ನನ್ನದೂ ಒಂದು ಕೈ.

ಕೊನೆಯ ಕಛೇರಿ ಮುಗಿಯುವವರೆಗೆ ಹೇಳಬೇಡಿ. ಆಮೇಲೆ ಹಡಗಿನಲ್ಲೂ ಬೇಡ. ಎರಡು ದಿನ ನೀರಿನ ಮೇಲೆ ಅವಳನ್ನು ಹಿಡಿದುಕೊಳ್ಳುವವರು ಯಾರು? ನಾನು ಹೆಲ್ಸಿಂಕಿಯ ಬಂದರಿಗೆ ಬರುತ್ತೇನೆ. ನಾನೇ ಹೇಳುತ್ತೇನೆ.

ಇದು ಅವರ ಇಚ್ಛೆ, ಅದನ್ನು ಬರೆದಿದ್ದೇನೆ. ನನ್ನ ಇಚ್ಛೆ ಏನೆಂದು ಯಾರೂ ಕೇಳಿಲ್ಲ, ಆದ್ದರಿಂದ ಬರೆದಿಲ್ಲ.

ಇಂತಿ
ಹೆಲ್ವಿ ತೈಪಲೆ


ತಂತಿ
ಮಿಕ್ಕೆಲಿ, ೧೬ ಮೇ ೧೯೭೪
ಯೋರ್ಮ ಹೌಟಲ, ಚರ್ಚ್ ಆಫೀಸು, ಲೂಬೆಕ್

ಓಯ್ವ ಇಂದು ಬೆಳಿಗ್ಗೆ ತೀರಿಕೊಂಡರು. ಬರೆದ ಹಾಗೇ ಮಾಡಿ. ಬಂದರಿನಲ್ಲಿ ಇರುತ್ತೇನೆ.
ಹೆಲ್ವಿ


ಲೂಬೆಕ್
೧೭ ಮೇ ೧೯೭೪

ಮಾನ್ಯ ಹೆಲ್ವಿ ಅವರಿಗೆ,

ಕಛೇರಿ ಮುಗಿದು ಒಂದು ಗಂಟೆಯಾಗಿದೆ. ಹುಡುಗರು ಕೆಳಗೆ ಊಟ ಮಾಡುತ್ತಿದ್ದಾರೆ. ನನಗೆ ಅವರ ನಡುವೆ ಕೂರಲು ಆಗಲಿಲ್ಲ.

ನಿಮ್ಮ ದುಃಖದಲ್ಲಿ ನಾನೂ ಭಾಗಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಓಯ್ವ ಅವರಂಥ ಕಿವಿಯ ಇನ್ನೊಬ್ಬರನ್ನು ನಾನು ನೋಡಿಲ್ಲ. ನನ್ನದಂತೂ ಅರ್ಧ.

ನೀವು ಹೇಳಿದಂತೆ ಮಾಡಿದೆ. ಆದರೆ ಒಂದು ತಪ್ಪು ಮಾಡಿದ್ದೇನೆ, ಮುಚ್ಚಿಡುವುದಿಲ್ಲ. ತಂತಿ ಕೈಗೆ ಬಂದದ್ದು ನಿನ್ನೆ ಮಧ್ಯಾಹ್ನ. ಒಬ್ಬನೇ ಹೊರಲಾರದೆ ಪಿರ್ಕೊಗೆ ಹೇಳಿದೆ. ಸಿನಿಕ್ಕಳ ಪಕ್ಕದಲ್ಲೇ ಇರುವವಳು, ಅಕಸ್ಮಾತ್ ಏನಾದರೂ ಆದರೆ ಹಿಡಿದುಕೊಳ್ಳಲಿ ಎಂಬ ಲೆಕ್ಕ. ಪಿರ್ಕೊ ಮೆಟ್ಟಿಲ ಮೇಲೆ ಅಳುತ್ತಿದ್ದುದನ್ನು ಇಬ್ಬರು ನೋಡಿದರು. ಸಂಜೆಯ ಕಾಫಿಯ ಹೊತ್ತಿಗೆ ಇಡೀ ವೃಂದಕ್ಕೆ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಒಬ್ಬಳ ಮುಂದೆ ಮೂವತ್ತೊಂದು ಜನ ನಾಟಕವಾಡುವುದು ಎಂದರೆ ಏನೆಂದು ನಿನ್ನೆ ಇವತ್ತು ನೋಡಿದೆ. ಗಂಡುದನಿಯ ಹುಡುಗರು ಅವಳನ್ನು ಗೇಲಿ ಮಾಡುವುದನ್ನೇ ಬಿಟ್ಟರು. ಒಬ್ಬ ತನ್ನ ತಟ್ಟೆಯ ಸಿಹಿಯನ್ನು ಅವಳ ಮುಂದೆ ತಳ್ಳಿದ. "ಏನ್ರೋ, ನಂಗೇನಾದ್ರೂ ಜ್ವರ ಬಂದಿದ್ಯಾ, ಎಲ್ರೂ ಇಷ್ಟು ಒಳ್ಳೆಯವರಾಗ್ಬಿಟ್ಟಿದೀರಲ್ಲ" ಎಂದು ನಕ್ಕಳು. ಯಾರೂ ನಗಲಿಲ್ಲ. ನಾನು ಎದ್ದು ಹೊರಗೆ ಹೋದೆ.

ಕೊನೆಯ ಹಾಡನ್ನು ಕೈಬಿಡೋಣ ಎಂದು ಯೋಚಿಸಿದ್ದೆ. ಬಿಟ್ಟಿದ್ದರೆ ಅವಳು ಯಾಕೆ ಎಂದು ಕೇಳುತ್ತಿದ್ದಳು. ಹಾಡಿದೆವು. ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ ಅಂಥ ಹಾಡು ಕೇಳಿಲ್ಲ. ಮೂರು ಸಾಲು ಹಿಂದೆ ನಿಂತವರ ಕಣ್ಣಿಂದ ನೀರು ಇಳಿಯುತ್ತಿದ್ದರೂ ದನಿ ಒಡೆಯಲಿಲ್ಲ. ನಿಮ್ಮ ಮಗಳಿಗೆ ಪ್ರವಾಸದ ಉದ್ದಕ್ಕೂ ಕಾಟ ಕೊಟ್ಟ ಆ ಮೇಲಿನ ಸ್ವರ ಇವತ್ತು ನೀರು ಕುಡಿದಷ್ಟು ಸಲೀಸಾಗಿ ಬಂತು. ಹಾಡಿನ ಆರಂಭದಲ್ಲಿ ಮಾತ್ರ ಅವಳು ಒಂದು ಕ್ಷಣ ಪಿರ್ಕೊಳ ಕಡೆ ತಿರುಗಿ ನೋಡಿದಳು. ಎಲ್ಲಿ ಮುಖ ನೋಡಿ ಗೊತ್ತಾಗಿಬಿಡುತ್ತದೋ ಎಂದು ನಾನು ಹೆದರಿದೆ. ಪಿರ್ಕೊ ಕಣ್ಣು ಮುಚ್ಚಿಕೊಂಡಿದ್ದಳು. ಸಿನಿಕ್ಕ ಮತ್ತೆ ನನ್ನ ಕಡೆ ತಿರುಗಿದಳು, ಹಾಡಿದಳು.

ಅವಳಿಗೆ ಏನೂ ಗೊತ್ತಾಗಿಲ್ಲ. ಅಷ್ಟು ಮಟ್ಟಿಗೆ ನಿಮ್ಮ ಯಜಮಾನರ ಮಾತು ಉಳಿದಿದೆ. ಆದರೆ ಇದು ಸರಿಯೇ ಎಂದು ನನ್ನನ್ನು ಕೇಳಬೇಡಿ.

ವಿನಯಪೂರ್ವಕ
ಯೋರ್ಮ ಹೌಟಲ


ಪೂಮಲಾ
೨೫ ಆಗಸ್ಟ್ ೧೯೭೪

ಸಿನಿಕ್ಕ,

ನಿನ್ನ ರೂಮಿನ ವಿಳಾಸ ಬದಲಾಗಿದೆಯೋ ಇಲ್ಲವೋ ಗೊತ್ತಿಲ್ಲ, ಹಳೆಯದಕ್ಕೇ ಹಾಕುತ್ತಿದ್ದೇನೆ. ಬೇಸಿಗೆಯೆಲ್ಲ ನೀನು ಓದುವ ತುರ್ಕುವಿನಲ್ಲೇ ಕೆಲಸ ಎಂದೆ. ಸರಿ, ಇರಬಹುದು.

ಮನೆಯಲ್ಲಿ ಎಲ್ಲ ಹಾಗೇ ಇದೆ. ಬ್ಲೂಬೆರಿ ಈ ಸಲ ಚೆನ್ನಾಗಿ ಬಂತು, ಕೀಳುವವರು ಒಬ್ಬರೇ. ಚರ್ಚಿಗೆ ಹೊಸ ಆರ್ಗನ್ ಮೇಷ್ಟ್ರು ಬಂದಿದ್ದಾರೆ, ಕೂದಲು ಭುಜದವರೆಗಿದೆ. ನಿಮ್ಮಪ್ಪ ನೋಡಿದ್ದರೆ ಎರಡು ದಿನ ಗೊಣಗಿ ಮೂರನೆಯ ದಿನ ಊಟಕ್ಕೆ ಕರೆಯುತ್ತಿದ್ದರು.

ನಾನು ಸುತ್ತಿ ಬಳಸಿ ಬರೆಯುವವಳಲ್ಲ, ಆದರೂ ಬರೆಯುತ್ತಿದ್ದೇನೆ. ಇನ್ನು ಸಾಕು.

ಬಂದರಿನಲ್ಲಿ ನಾನು ಹೇಳಿದಾಗ ನೀನು ಅಳಲಿಲ್ಲ. ನಾಲ್ಕು ದಿನದಿಂದ ನಾನು ಆ ಮಾತನ್ನು ಹೇಗೆ ಹೇಳುವುದೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. "ಅಪ್ಪ ಹೋದ್ರು ಕಣೆ" ಎಂದೆ, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ನೀನು ತಲೆಯಾಡಿಸಿದೆ. "ಬಾಮ್ಮ, ಬಸ್ಸು ಹೊರಡತ್ತೆ" ಎಂದು ನನ್ನ ಚೀಲ ಎತ್ತಿಕೊಂಡೆ. ಅಷ್ಟೇ.

ಆಮೇಲೆ ಜೂನ್ ಒಂದರ ಅಂತ್ಯಕ್ರಿಯೆ. ನಿನ್ನ ವೃಂದದವರು ತುರ್ಕುವಿನಿಂದ ಅಷ್ಟು ದೂರ ಬಸ್ಸು ಮಾಡಿಕೊಂಡು ಬಂದರು, ಸಮಾಧಿಯ ಸುತ್ತ ನಿಂತು ಅಪ್ಪನ ಹಾಡು ಹಾಡಿದರು. ನೀನೊಬ್ಬಳು ಹಾಡುವ ಭಾಗ ಬಂದಾಗ ಹೌಟಲ ನಿನ್ನ ಕಡೆ ನೋಡಿದರು. ನೀನು ನನ್ನ ಪಕ್ಕದಲ್ಲಿ ತುಟಿ ಬಿಗಿದುಕೊಂಡು ನಿಂತೇ ಇದ್ದೆ. ಪಿರ್ಕೊ ಹೆದರಿಕೊಂಡು ಆ ಸಾಲನ್ನು ಹೇಗೋ ಎಳೆದಳು. ಊರಲ್ಲಿ ಆಡಿಕೊಂಡರು. ಅಂಗಡಿಯಲ್ಲಿ ನನ್ನೆದುರಿಗೇ, "ಆ ಆರ್ಗನ್ ಮೇಷ್ಟ್ರ ಮಗಳು ಅಪ್ಪನಿಗೋಸ್ಕರ ಬಾಯಿ ಬಿಡ್ಲಿಲ್ವಂತಲ್ಲ" ಎಂದರು. ಜನ ಆಡಿಕೊಳ್ಳಲಿ, ಅವರಿಗೆ ಬೇರೆ ಕೆಲಸವಿಲ್ಲ. ನನಗೆ ನೋವಾದದ್ದು ಬೇರೆ ಕಾರಣಕ್ಕೆ. ನೀನು ನನ್ನನ್ನು ಶಿಕ್ಷಿಸುತ್ತಿದ್ದೀಯ ಎನ್ನಿಸಿತು, ಅವರ ಸಮಾಧಿಯ ಮುಂದೆ.

ನಾನು ಹೇಳದೆ ಮುಚ್ಚಿಟ್ಟದ್ದು ತಪ್ಪು. ನಿಮ್ಮಪ್ಪನ ಮಾತು ಎಂದು ನಾನು ಅವರ ಹಿಂದೆ ಅಡಗಿಕೊಳ್ಳುವುದಿಲ್ಲ. ತಂತಿ ಕಳಿಸಿದ್ದು ನನ್ನ ಕೈ. ಹನ್ನೊಂದನೆಯ ತಾರೀಕೇ ನಿನಗೆ ಹೇಳಿದ್ದರೆ ನೀನು ವಿಮಾನ ಹಿಡಿದು ಬಂದು ಅವರ ಕೈ ಹಿಡಿಯಬಹುದಿತ್ತು. ಅವರಿಗೆ ಇನ್ನೂ ಎಚ್ಚರವಿತ್ತು. ಕೊನೆಯ ಎರಡು ದಿನ ಬಾಗಿಲ ಕಡೆಯೇ ನೋಡುತ್ತಿದ್ದರು. ನಿನಗೆ ತಿಳಿಸಬೇಡ ಎಂದು ತಾವೇ ಹೇಳಿ, ಬಾಗಿಲು ನೋಡುತ್ತಿದ್ದರು. ಇದನ್ನು ನಾನು ಯಾರಿಗೂ ಹೇಳಿಲ್ಲ. ನಿನಗೆ ಹೇಳಬಾರದಿತ್ತೇನೋ, ಆದರೆ ಇನ್ನು ಮುಚ್ಚಿಡುವುದು ನನ್ನಿಂದಾಗದು.

ಬೈಯಬೇಕೆನ್ನಿಸಿದರೆ ಬೈ. ಸುಮ್ಮನಿರಬೇಡ.

ಅಮ್ಮ


ತುರ್ಕು, ೧೪ ಸೆಪ್ಟೆಂಬರ್ (ಕಾರ್ಡು)

ಅಮ್ಮ, ಆರೋಗ್ಯವಾಗಿದ್ದೇನೆ. ವೃಂದ ಬಿಟ್ಟಿದ್ದೇನೆ. ಪರೀಕ್ಷೆಗಳಿವೆ. ಬೈಯುವುದಕ್ಕೆ ಏನೂ ಇಲ್ಲ. ಬರೆಯುತ್ತೇನೆ. — ಸಿನಿಕ್ಕ


ತುರ್ಕು
೨ ನವೆಂಬರ್ ೧೯೭೪, ಸಂತರ ದಿನ

ಪ್ರೀತಿಯ ಅಮ್ಮನಿಗೆ,

ಇವತ್ತು ನೀನು ಮೇಣದಬತ್ತಿ ತೆಗೆದುಕೊಂಡು ಅಪ್ಪನ ಹತ್ತಿರ ಹೋಗಿರುತ್ತೀಯ. ನಾನೂ ಇಲ್ಲಿ ಗುರುತಿಲ್ಲದವರ ಸ್ಮಶಾನದಲ್ಲಿ ಒಂದು ಹಚ್ಚಿ ಬಂದೆ. ಬೆರಳು ಇನ್ನೂ ಬೆಚ್ಚಗಾಗಿಲ್ಲ, ಅಕ್ಷರ ನೋಡಿ ನಗಬೇಡ.

ನೀನು ಆಗಸ್ಟಿನಲ್ಲಿ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಮುಂಚೆಯೇ ಬರೆಯಬೇಕಿತ್ತು. ನೀನು ಆರು ತಿಂಗಳು ನಿನ್ನನ್ನೇ ತಿಂದುಕೊಂಡೆ, ನಾನು ತಿನ್ನಲು ಬಿಟ್ಟೆ. ಅದಕ್ಕೆ ಕ್ಷಮೆ ಕೇಳಬೇಕಾದವಳು ನಾನು.

ಅಮ್ಮ, ನನಗೆ ಬಂದರಿನಲ್ಲಿ ಗೊತ್ತಾದದ್ದಲ್ಲ. ಲೂಬೆಕ್‌ನಲ್ಲೇ ಗೊತ್ತಾಯಿತು.

ಆವತ್ತು ಇಡೀ ದಿನ ಎಲ್ಲರೂ ವಿಚಿತ್ರವಾಗಿದ್ದರು. ಪ್ರವಾಸ ಮುಗಿಯುತ್ತಿದೆ, ಬೇಜಾರು ಎಂದುಕೊಂಡೆ. ಕೊನೆಯ ಹಾಡಿಗೆ ನಿಂತೆವು. ಪಿರ್ಕೊ ಕವೆಯನ್ನು ಬಡಿದು ಕಿವಿಗೆ ಹಿಡಿದಳು, ಗುನುಗಿದಳು. ಅದು ಒಂದು ಸ್ವರ ಕೆಳಗಿತ್ತು.

ಎರಡು ವರ್ಷದಲ್ಲಿ ಪಿರ್ಕೊ ಶ್ರುತಿ ತಪ್ಪಿದ್ದನ್ನು ನಾನು ಕಂಡಿಲ್ಲ. ಅವಳ ಕಡೆ ತಿರುಗಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಸಮಾಧಿಯ ಹತ್ತಿರ ಮಾತ್ರ ಹಾಗೆ ಇಳಿಸಬೇಕು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ, ಹದಿಮೂರು ದಿನ ಮುಂಚೆ, ಓರ್ಹುಸ್‌ನಲ್ಲಿ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದರು. ಸಿಹಿ ತಿಂಡಿ ತಳ್ಳಿದ್ದು, ಮೇಷ್ಟ್ರು ನನ್ನ ಕಣ್ಣು ತಪ್ಪಿಸುತ್ತಿದ್ದುದು, ಡಾಂಬರಿನ ಕೈ ಎಂದು ಬರೆದ ಆ ಸೊಟ್ಟ ಅಕ್ಷರ, ಎಲ್ಲ ಒಂದೇ ಸಲ ಅರ್ಥವಾಯಿತು. ಇಡೀ ವೃಂದ ಯಾರದೋ ಸಮಾಧಿಯ ಸುತ್ತ ನಿಂತಿತ್ತು. ಆ ಯಾರೋ ಯಾರೆಂದು ನನ್ನೊಬ್ಬಳಿಗೆ ಹೇಳಿರಲಿಲ್ಲ.

ಮೇಷ್ಟ್ರು ಕೈ ಎತ್ತಿದರು. ನಾನು ಹಾಡಿದೆ.

ಹಾಡದೆ ಏನು ಮಾಡಲಿ? ಮುಗಿಸಬೇಕು ಎಂದು ಅಪ್ಪ ಬರೆದಿದ್ದನಲ್ಲ. ಆ ಮೇಲಿನ ಸ್ವರ ಚೆನ್ನಾಗಿ ಬಂತು ಎಂದು ಎಲ್ಲರೂ ಹೊಗಳಿದರು. ಒಂದು ಸ್ವರ ಕೆಳಗೆ ಇಳಿದಿತ್ತು, ಬಾರದೆ ಏನು. ಅಪ್ಪ ಹೇಳಿದ್ದು ನಿಜ, ಇಳಿಸಿ ಕೊಟ್ಟರೆ ಅಳು ಇಟ್ಟುಕೊಂಡೂ ಹಾಡಬಹುದು.

ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಹಡಗಿನಲ್ಲಿ ಎರಡು ದಿನ ಅವರೆಲ್ಲ ನನಗೆ ಗೊತ್ತಾಗದಂತೆ ಕಾಪಾಡಿದರು, ನಾನು ನನಗೆ ಗೊತ್ತಿರುವುದು ಅವರಿಗೆ ಗೊತ್ತಾಗದಂತೆ ಕಾಪಾಡಿದೆ. ಇಸ್ಪೀಟು ಆಡಿದೆ. ಗೆದ್ದೆ ಕೂಡ. ಬಂದರಿನಲ್ಲಿ ನಿನ್ನನ್ನು ದೂರದಿಂದ ಕಂಡೆ, ನೀನು ಬೇಸಿಗೆಯಲ್ಲಿ ಆ ಕಪ್ಪು ಕೋಟು ಹಾಕಿಕೊಂಡು ಅಷ್ಟು ಸಣ್ಣಗಾಗಿ ನಿಂತಿದ್ದೆ. ನಾನು ಅತ್ತರೆ ನೀನು ಬಿದ್ದುಹೋಗುತ್ತೀಯ ಎನ್ನಿಸಿತು. ಅದಕ್ಕೇ ಚೀಲ ಎತ್ತಿಕೊಂಡೆ. ಶಿಕ್ಷೆಯಲ್ಲಮ್ಮ ಅದು.

ಪೂಮಲಾದಲ್ಲಿ ಪಿರ್ಕೊ ಮತ್ತೆ ಅದೇ ಸ್ವರ ಕೊಟ್ಟಳು. ಅಲ್ಲಿ ಬೇಕೆಂದೇ ಇಳಿಸಿದಳು. ಲೂಬೆಕ್‌ನಲ್ಲಿ ಇಳಿಸಿದ್ದು ಅವಳಿಗೇ ಗೊತ್ತಿಲ್ಲ, ಮನಸ್ಸು ಸಮಾಧಿಯ ಹತ್ತಿರವಿತ್ತು, ಗಂಟಲು ಅಲ್ಲಿಗೆ ಹೋಗಿಬಿಟ್ಟಿತು. ದಯವಿಟ್ಟು ಅವಳಿಗೆ ಯಾವತ್ತೂ ಹೇಳಬೇಡ. ತನ್ನ ಬಾಯಿಂದಲೇ ನನಗೆ ಸುದ್ದಿ ಮುಟ್ಟಿತು ಎಂದು ತಿಳಿದರೆ ಅವಳು ಮತ್ತೆ ಶ್ರುತಿ ಕೊಡುವುದಿಲ್ಲ. ನನಗೆ ಆ ಸ್ವರ ಕೇಳಿದರೆ ನಿಲ್ಲಲು ಆಗುವುದಿಲ್ಲ, ಆದ್ದರಿಂದ ನಾನು ವೃಂದ ಬಿಟ್ಟೆ. ಅವಳು ಬಿಡಬಾರದು.

ಸಮಾಧಿಯ ಮುಂದೆ ಯಾಕೆ ಹಾಡಲಿಲ್ಲ ಎಂದು ಕೇಳಿದೆ. ಅಪ್ಪನ ಸಮಾಧಿಯ ಹಾಡನ್ನು ನಾನು ಆಗಲೇ ಹಾಡಿಬಿಟ್ಟಿದ್ದೆ. ಎರಡನೆಯ ಸಲ ಹಾಡುವಷ್ಟು ನನ್ನಲ್ಲಿ ಇರಲಿಲ್ಲ.

ಅವನು ಬಾಗಿಲು ನೋಡುತ್ತಿದ್ದ ಎಂದು ಬರೆದೆ. ಅದನ್ನು ಓದಿದ ಮೇಲೆ ಎರಡು ತಿಂಗಳು ಆ ಕಾರ್ಡು ಬಿಟ್ಟು ನಿನಗೆ ಏನೂ ಬರೆಯಲು ಆಗಲಿಲ್ಲ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಈಗ ಸಿಟ್ಟು ಇಲ್ಲ. ಆದರೆ ಆ ಬಾಗಿಲು ಇದೆ.

ಹಡಗಿನಲ್ಲಿ ಅಪ್ಪನಿಗೆ ಒಂದು ಕಾಗದ ಬರೆದಿದ್ದೆ. ಎಲ್ಲಿಗೆ ಕಳಿಸುವುದೆಂದು ತಿಳಿಯದೆ ಮಫ್ಲರಿನೊಳಗೆ ಇಟ್ಟುಕೊಂಡಿದ್ದೆ. ಇದರ ಜೊತೆ ಇಟ್ಟಿದ್ದೇನೆ. ಓದಿ, ಮತ್ತೆ ಅಪ್ಪನ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗು.

ಕ್ರಿಸ್ಮಸ್ಸಿಗೆ ಬರುತ್ತೇನೆ. ಆವಾಗ ಇಬ್ಬರೂ ಅಳೋಣ.

ನಿನ್ನ
ಸಿನಿಕ್ಕ


ಹಡಗಿನಿಂದ
೧೮ ಮೇ ೧೯೭೪, ಶನಿವಾರ

ಅಪ್ಪ,

ಹಾಡು ಮುಗಿಸಿದೆ. ಉಸಿರನ್ನು ನೀನು ಹೇಳಿದ ಜಾಗದಲ್ಲೇ, ಎಲ್ಲರಿಗೂ ಕಾಣುವ ಹಾಗೆ ತೆಗೆದುಕೊಂಡೆ. ಮೇಲಿನ ಸ್ವರದ ಮೇಲೆ ಇಳಿದೆ.

ಇನ್ನೂ ಯಾರೂ ನನಗೆ ಏನೂ ಹೇಳಿಲ್ಲ. ನಾನೂ ಕೇಳುವುದಿಲ್ಲ. ಸೋಮವಾರ ಬೆಳಿಗ್ಗೆ ಬಂದರಿಗೆ ಅಮ್ಮ ಬಂದೇ ಬರುತ್ತಾಳೆ, ಅವಳೇ ಹೇಳುತ್ತಾಳೆ. ಅಮ್ಮ ಹೇಳುವವರೆಗೆ ನೀನು ಮನೆಯ ಹಿಂದೆ ದೋಣಿಗೆ ಡಾಂಬರು ಬಳಿಯುತ್ತಿರುತ್ತೀಯ. ಬಳಿಯುತ್ತಿರು. ನಿಧಾನವಾಗಿ ಬಳಿ, ಅವಸರವಿಲ್ಲ.

ಕಡಲು ಶಾಂತವಾಗಿದೆ. ಊಟಕ್ಕೆ ಕರೆಯುತ್ತಿದ್ದಾರೆ. ಹೋಗಿ ಬರುತ್ತೇನೆ.

ಸಿನಿಕ್ಕ